ಬಾಟಲಿಯೊಳಗಿನ ಒಂದೆಲಗ

ಅಕ್ಕೋರ ಬಲಗೈ ಹೆಬ್ಬೆರಳಿನ ಉಗುರಿನಡಿಯಲ್ಲಿ ಸದಾ ಜೇನುಮೇಣ ಮೆತ್ತಿಕೊಂಡಿರುತ್ತಿತ್ತು. ಪಾಠ ಮಾಡುವಾಗಲೂ ಅದನ್ನು ತೋರುಬೆರಳಿನಿಂದ ಉಜ್ಜುತ್ತಿದ್ದರು. ಹೊಸನಗರದ ಶಾಲೆಗೆ ನಾನು ಕನ್ನಡ ಕಲಿಸಲು ಬಂದಾಗ, ಬೇರೆ ಮನೆ ಸಿಗದೆ, ಅವರ ಮನೆಯ ಹೊರಕೋಣೆಯಲ್ಲಿ ಉಳಿದೆ. ಅವರು ವಿಜ್ಞಾನದವರು. ನಮ್ಮ ಕಡೆ ಪಾಠ ಹೇಳುವ ಹೆಂಗಸರನ್ನೆಲ್ಲ ಅಕ್ಕೋರು ಎನ್ನುತ್ತಾರೆ, ಆ ಲೆಕ್ಕದಲ್ಲಿ ನಾನೂ ಅಕ್ಕೋರೇ. ಆದರೆ ಆ ಊರಿನಲ್ಲಿ ಅಕ್ಕೋರು ಎಂದರೆ ಅವರೊಬ್ಬರೇ.

ಮನುಷ್ಯ ಆಕಾಶಕ್ಕೆ ಹೋಗಿ ಬಂದು ನಾಲ್ಕೈದು ವರ್ಷವಾಗಿದ್ದ ಕಾಲ ಅದು. ಉಳಿದವರಿಗೆ ಆ ಸುದ್ದಿ ಹಳತಾಗಿತ್ತು. ಅಕ್ಕೋರಿಗೆ ಮಾತ್ರ ಅದೇ ಚಿಂತೆ: ವರ್ಷಗಟ್ಟಲೆ ಅಲ್ಲೇ ಇರಬೇಕಾಗಿ ಬಂದರೆ ಉಸಿರಿಗೇನು, ಊಟಕ್ಕೇನು? ಅದಕ್ಕಾಗಿ ಕಿಟಕಿಯ ಸಾಲಿನಲ್ಲಿ ಅಂಗಡಿಯ ಪೆಪ್ಪರಮೆಂಟು ಬಾಟಲಿಗಳನ್ನಿಟ್ಟು, ತಳಕ್ಕೆ ಮಣ್ಣು ಹಾಕಿ, ಗಿಡ ನೆಟ್ಟು, ಮುಚ್ಚಳದ ಸುತ್ತ ಮೇಣ ಮೆತ್ತಿದ್ದರು. ಹೊನಗೊನ್ನೆ, ಬಸಳೆ, ಒಂದೆಲಗ. ತಿನ್ನುವ ಸೊಪ್ಪು ಮಾತ್ರ.

"ಗುಲಾಬಿ ಹಾಕ್ಬಾರ್ದಾ ಅಕ್ಕೋರೆ, ನೋಡಕ್ಕಾದ್ರೂ ಚಂದ," ಎಂದು ನಾನು ಕೆಣಕುತ್ತಿದ್ದೆ.

"ಅಲ್ಲಿ ಚಂದ ತಿಂತಾರೇನೇ ಮಾರಾಯ್ತಿ? ಅವ್ರು ಬಿಟ್ಟ ಉಸಿರನ್ನ ಸೊಪ್ಪು ತಿಂದು ಎಲೆ ಮಾಡ್ಬೇಕು. ಆ ಎಲೇನ ಅವ್ರು ತಿನ್ಬೇಕು. ಹೊರಗಿಂದ ಏನೂ ಬರಲ್ಲ, ಒಳಗಿಂದ ಏನೂ ಹೋಗಲ್ಲ."

ವಿಜ್ಞಾನವೆಂದರೆ ನನಗೆ ಅಷ್ಟಕ್ಕಷ್ಟೆ. ಆದರೂ ಒಂದು ಬಾಟಲಿ ನನ್ನನ್ನು ಕಾಡುತ್ತಿತ್ತು. ಉಳಿದವು ತಿಂಗಳೆರಡು ತಿಂಗಳಿಗೆ ಕೊಳೆಯುತ್ತಿದ್ದವು, ಅಕ್ಕೋರು ತೊಳೆದು ಮತ್ತೆ ನೆಡುತ್ತಿದ್ದರು. ಕೊನೆಯಲ್ಲಿದ್ದ ಒಂದೆಲಗದ್ದು ಮಾತ್ರ ಕೊಳೆತದ್ದೂ ಇಲ್ಲ, ಅದನ್ನು ಅವರು ತೆರೆದದ್ದೂ ಇಲ್ಲ. ಬೆಳಿಗ್ಗೆ ಅದರ ಗಾಜು ಒಳಗಿನಿಂದ ಮಬ್ಬಾಗಿರುತ್ತಿತ್ತು, ಯಾರೋ ಒಳಗೆ ಕೂತು ಹಾ ಎಂದು ಊದಿದ ಹಾಗೆ. ಅಕ್ಕೋರು ಅದಕ್ಕೆ ಕೆನ್ನೆಯಿಟ್ಟು, "ಎದ್ಯಾ?" ಎಂದು ಕೇಳುತ್ತಿದ್ದರು. ಮೊದಲ ಸಲ ಅದು ಕಿವಿಗೆ ಬಿದ್ದಾಗ ನಾನು ಬಾಗಿಲಿನಿಂದ ಹಿಂದೆ ಸರಿದೆ. ಗಂಡ ತೀರಿಕೊಂಡ ಒಂಟಿ ಹೆಂಗಸು, ಗಿಡದ ಹತ್ತಿರ ಮಾತಾಡಿದರೆ ಏನಾಯಿತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಒಮ್ಮೆ ತಪಾಸಣೆಗೆ ಬಂದ ಇನ್‌ಸ್ಪೆಕ್ಟರಿಗೆ ತೋರಿಸಲೆಂದು ಜವಾನ ಬಾಟಲಿಗಳನ್ನೆಲ್ಲ ಶಾಲೆಗೆ ಹೊತ್ತು ತಂದ. ಅವುಗಳ ಜೊತೆ ಆ ಒಂದೆಲಗದ್ದೂ ಬಂತು. ವಾಸನೆ ನೋಡೋಣವೆಂದು ಇನ್‌ಸ್ಪೆಕ್ಟರು ಅದರ ಮುಚ್ಚಳಕ್ಕೇ ಕೈ ಹಾಕಿದರು. ಅಧಿಕಾರಿಗಳೆದುರು ತಲೆಯೆತ್ತದ ಅಕ್ಕೋರು ಅವರ ಮಣಿಕಟ್ಟು ಹಿಡಿದುಬಿಟ್ಟರು.

"ತೆಗೀಬೇಡಿ ಸಾರ್. ಒಳಗೆ ಮಗು ಇದೆ."

ಯಾರೂ ನಗಲಿಲ್ಲ. ಇನ್‌ಸ್ಪೆಕ್ಟರು ಬಾಟಲಿಯನ್ನೊಮ್ಮೆ ನೋಡಿ, ಕರವಸ್ತ್ರಕ್ಕೆ ಕೈ ಒರೆಸಿಕೊಂಡು ಪಕ್ಕದ ಕೋಣೆಗೆ ಹೋದರು.

ಸಂಜೆ ಅಕ್ಕೋರು ತಾವಾಗಿಯೇ ಹೇಳಿದರು. ಆಕಾಶದ ಸುದ್ದಿ ಬಂದ ವರ್ಷ ಅವರ ಆರು ವರ್ಷದ ಮಗಳು, ಅಲ್ಲಿ ಉಸಿರು ಖಾಲಿಯಾದರೆ ಏನು ಮಾಡುತ್ತಾರೆ ಎಂದು ಕೇಳಿದ್ದಳಂತೆ. ತೋರಿಸಿಕೊಡಲು ಒಂದೆಲಗ ನೆಟ್ಟು, ಬಾಟಲಿಯೊಳಗೆ ಅವಳಿಂದಲೇ ಊದಿಸಿ, ಮೇಣ ಹಾಕಿದರು. ಒಂಬತ್ತನೆಯ ದಿನ ಮಗು ಜ್ವರದಲ್ಲಿ ಹೋಯಿತು.

"ಅವಳ ಬಟ್ಟೆ ಎಲ್ಲ ಕೊಟ್ಬಿಟ್ಟೆ. ಉಸಿರು ಮಾತ್ರ ಇದ್ರಲ್ಲಿ ಉಳೀತು. ಗಿಡ ಅದನ್ನೇ ತಿಂದು ಎಲೆ ಮಾಡ್ತು. ಎಲೆ ಉದುರಿ ಮಣ್ಣಾಯ್ತು, ಮತ್ತೆ ಎಲೆ ಆಯ್ತು. ಅವಳು ಹೊರಗೇ ಹೋಗಿಲ್ಲ ಕಣೇ."

ಇದು ಹುಚ್ಚು ಎನ್ನಲು ಬಾಯಿ ತೆರೆದೆ. ಆದರೆ ಆ ಮಾತಿನಲ್ಲಿ ತಪ್ಪು ಎಲ್ಲಿದೆಯೆಂದು ನನಗೆ ಗೊತ್ತಾಗಲಿಲ್ಲ. ಇವತ್ತಿಗೂ ಗೊತ್ತಿಲ್ಲ.

ಎರಡು ವರ್ಷದ ಮೇಲೆ ಅಕ್ಕೋರು ಕಾಮಾಲೆಯಾಗಿ ಮಲಗಿದರು. ಮದ್ದು ಹತ್ತಲಿಲ್ಲ. ಅವರಿಗೆ ಸಾಯುವ ಹೆದರಿಕೆ ಇರಲಿಲ್ಲ, ಬಾಟಲಿಯದೇ ಹೆದರಿಕೆ.

"ತೀರ್ಥಹಳ್ಳಿಯಿಂದ ಅಣ್ಣ ಬಂದು ಮನೆ ಖಾಲಿ ಮಾಡ್ತಾನೆ. ಇದನ್ನ ಹಿತ್ಲಿಗೆ ಬಿಸಾಕ್ತಾನೆ. ಒಡೆದ್ರೆ ಗಾಳೀಲಿ ಚೆದುರಿಹೋಗ್ತಾಳೆ."

"ನಾನಿಟ್ಕೊಳ್ತೀನಿ ಅಕ್ಕೋರೆ."

"ನಿಂಗೆ ವರ್ಗ ಆಗುತ್ತೆ. ಬಸ್ಸಲ್ಲಿ ಒಡೀದೇ ಇರುತ್ತಾ? ಮುಚ್ಚಳ ತೆಗಿ. ಗಾಳಿ ನಂಗೆ ಕೊಡು. ಎಲೆ ನೀ ತಿನ್ನು."

"ಎಲೇನೂ ನೀವೇ ತಿನ್ನಿ."

"ನಾ ತಿಂದ್ರೆ ನನ್ಜೊತೆ ಅವಳನ್ನೂ ಸುಡ್ತಾರಲ್ಲೇ."

ನಡುಮಧ್ಯಾಹ್ನ, ಕಿಟಕಿಯಲ್ಲಿ ಬಿಸಿಲಿತ್ತು. ಚಾಕುವಿನಿಂದ ಮೇಣ ಕೆರೆದು, ಬಾಟಲಿಯನ್ನು ಅವರ ಮುಖಕ್ಕೆ ಹಿಡಿದು ಮುಚ್ಚಳ ಎತ್ತಿದೆ. ನನಗೆ ಬಂದದ್ದು ಬರೀ ಹಸಿಮಣ್ಣಿನ ವಾಸನೆ. ಅಕ್ಕೋರು ಕಣ್ಣು ಮುಚ್ಚಿ ಉಸಿರು ಎಳೆದುಕೊಂಡರು. ಆ ಬತ್ತಿದ ಎದೆಯಲ್ಲಿ ಅಷ್ಟು ಜಾಗವಿದೆಯೆಂದು ನಾನು ಎಣಿಸಿರಲಿಲ್ಲ. ಸಂಜೆಯೊಳಗೆ ತೀರಿಕೊಂಡರು.

ಬೆಳಿಗ್ಗೆ ಅವರ ಅಣ್ಣ ಬಂದರು. ಜಗಲಿಯಲ್ಲಿ ಅವರೂ ನೆರೆಯವರೂ ಸೌದೆಯ ಮಾತಾಡುತ್ತಿದ್ದರು. ಹೆಣ ಎತ್ತುವವರೆಗೆ ಒಲೆ ಹಚ್ಚುವ ಹಾಗಿಲ್ಲ. ಅಡಿಗೆಮನೆಯ ತಣ್ಣಗಿನ ಒಲೆಯ ಮುಂದೆ ನಿಂತು ನಾನು ಬಾಟಲಿಯಲ್ಲಿದ್ದ ಹನ್ನೊಂದು ಎಲೆಗಳನ್ನೂ ಒಂದೊಂದಾಗಿ ಹಸಿಯಾಗಿಯೇ ಅಗಿದು ನುಂಗಿದೆ. ಅಣ್ಣ ಬಾಗಿಲಿಗೆ ಬಂದು, ತಂಗಿ ಕೊನೆಗೆ ಏನಾದರೂ ಹೇಳಿದಳೇ ಎಂದು ಕೇಳಿದರು. ಬಾಯಿ ತೆರೆದರೆ ಎಲ್ಲಿ ಮಗು ಹೊರಟುಹೋಗುತ್ತದೋ ಎಂದು ತುಟಿ ಬಿಗಿಹಿಡಿದು, ತಡೆಯಲಾಗುವಷ್ಟು ಹೊತ್ತು ಉಸಿರು ಬಿಡದೆ ನಿಂತಿದ್ದೆ.