ಎಲ್ಡನ್ ಸ್ಟಿಗ್ಲರ್ ಉಳಿಸಿದ ಒಂದು ಸೆಂಟು

ಓಕ್ಲಹೋಮಾದ ಡ್ರೈ ಫೋರ್ಕ್ ಪಟ್ಟಣದಲ್ಲಿ ಎಲ್ಡನ್ ಸ್ಟಿಗ್ಲರನಷ್ಟು ಲೆಕ್ಕಾಚಾರದ ಮನುಷ್ಯ ಇನ್ನೊಬ್ಬನಿರಲಿಲ್ಲ. ಹಾಗಂತ ಅವನೇ ಹೇಳುತ್ತಿದ್ದ. ನಲವತ್ತು ವರ್ಷ ಪಂಪ್‌ಸೆಟ್ ರಿಪೇರಿ ಮಾಡಿ ನಿವೃತ್ತನಾದವನಿಗೆ ಹೊಸ ಉದ್ಯೋಗ ಕೊಟ್ಟದ್ದು ಪುರಸಭೆ. ಐದು ವರ್ಷದ ಮಟ್ಟಿಗೆ ಊರಿನ ಅಂಗಡಿಗಳಲ್ಲಿ ಡಾಲರಿಗೆ ಒಂದು ಸೆಂಟು ಹೆಚ್ಚುವರಿ ತೆರಿಗೆ, ಆ ಹಣದಲ್ಲಿ ಈಜುಕೊಳ, ಲೈಬ್ರರಿಗೆ ಸೂರು, ಕೊನೆಗೆ ಎಲ್ಮ್ ಬೀದಿಗೆ ಫುಟ್‌ಪಾತ್ ಎಂದು ಮತಕ್ಕೆ ಹಾಕಿದರು. ಎಲ್ಡನ್ ಬೇಡವೆಂದ. ಊರು ಬೇಕೆಂದಿತು.

ಎಲ್ಮ್ ಬೀದಿಯಲ್ಲೇ ಅವನ ಮನೆ. ಸೊಂಟ ಮುರಿದಾಗಿನಿಂದ ಹೆಂಡತಿ ವಾನೀಟಾಗೆ ವಾಕರ್ ಇಲ್ಲದೆ ನಡೆಯಲು ಆಗುತ್ತಿರಲಿಲ್ಲ. ಬೀದಿಯ ತುದಿಯ ಕೆಫೆಯಲ್ಲಿ ಅವಳ ಗೆಳತಿಯರು ಬೆಳಿಗ್ಗೆ ಡಾಮಿನೋ ಆಡುತ್ತಿದ್ದರು. ಯಾರ ಹಂಗೂ ಇಲ್ಲದೆ ಅಲ್ಲಿಗೆ ತಾನೇ ನಡೆದು ಹೋಗಬೇಕು, ಅವಳಿಗಿದ್ದದ್ದು ಅದೊಂದೇ ಆಸೆ. ರಸ್ತೆಬದಿಯ ಜಲ್ಲಿಯಲ್ಲಿ ವಾಕರಿನ ಚಕ್ರ ಹೂತುಹೋಗುತ್ತಿತ್ತು.

"ತಾತ್ಕಾಲಿಕ ಅಂತೆ, ತಾತ್ಕಾಲಿಕ! ನಿನ್ನ ತಮ್ಮ ಎರಡು ದಿನಕ್ಕೆ ಅಂತ ಬಂದು ಆರು ತಿಂಗಳು ಠಿಕಾಣಿ ಹೂಡಿರ್ಲಿಲ್ವಾ? ಈ ಊರಲ್ಲಿ ನಾನು ಒಂದು ಮೊಳೇನೂ ಕೊಳ್ಳಲ್ಲ" ಎಂದು ಎಲ್ಡನ್ ಗುಡುಗಿದ.

ಮಾತಿಗೆ ತಪ್ಪುವವನಲ್ಲ. ಪ್ರತಿ ಮಂಗಳವಾರ ಹದಿನೆಂಟು ಮೈಲಿ ದೂರದ ವೆಸ್ಟಾ ಪಟ್ಟಣಕ್ಕೆ ಪಿಕಪ್ ಓಡಿಸಿ ಹಿಟ್ಟು, ಹಂದಿಮಾಂಸ, ಸೋಪು ಎಲ್ಲವನ್ನೂ ಅಲ್ಲಿಂದಲೇ ತಂದ. ಪೆಟ್ರೋಲಿನ ಖರ್ಚೇ? ಅದು ತತ್ವದ ಖಾತೆಗೆ. ಊರಿನಲ್ಲಿ ಅವನು ಕಾಲಿಟ್ಟ ಒಂದೇ ಅಂಗಡಿ ಕ್ಷೌರದ್ದು. ಕ್ಷೌರಕ್ಕೆ ಈ ತೆರಿಗೆಯಿಲ್ಲ. ಅಲ್ಲಿ ಕೂತು ಉಪದೇಶ ಕೊಡುತ್ತಿದ್ದ.

"ವೆಸ್ಟಾ ನೋಡ್ರಯ್ಯಾ, ಏನು ಚೊಕ್ಕ! ರಸ್ತೆ ಎರಡೂ ಕಡೆ ಫುಟ್‌ಪಾತ್. ಆ ಜನಕ್ಕೆ ಊರು ನಡೆಸೋದು ಗೊತ್ತು."

ಅರ್ಧ ಊರು ಅವನ ಶಿಷ್ಯನಾಗಿ ವೆಸ್ಟಾದ ದಾರಿ ಹಿಡಿಯಿತು.

ಐದು ವರ್ಷ ಕಳೆಯಿತು. ಎಲ್ಡನ್‌ಗೆ ಅವಮಾನ ಮಾಡಲೆಂದೇ ಆ ತೆರಿಗೆ ಹೇಳಿದ ದಿನಕ್ಕೆ ನಿಂತೂಹೋಯಿತು. ಈಜುಕೊಳವಾಯಿತು, ಸೂರಾಯಿತು. ವ್ಯಾಪಾರವೆಲ್ಲ ವೆಸ್ಟಾಕ್ಕೆ ಹರಿದಿದ್ದರಿಂದ ದುಡ್ಡು ಸಾಲದೆ ಕೆಫೆಯ ತುದಿಯಿಂದ ಹೊರಟ ಫುಟ್‌ಪಾತ್ ಮಾತ್ರ ಸ್ಟಿಗ್ಲರ್ ಮನೆ ಮುಟ್ಟಲು ಇನ್ನೂ ಆರು ಮನೆ ಇರುವಾಗಲೇ ನಿಂತಿತು.

"ನೋಡಿದ್ಯಾ? ಇವರ ಯೋಗ್ಯತೆ ಇಷ್ಟೇ ಅಂತ ನಾನು ಹೇಳಿರ್ಲಿಲ್ವಾ?" ಎಂದ ಎಲ್ಡನ್.

ವಾನೀಟಾ ಆಗಷ್ಟೇ ವೆಸ್ಟಾದಿಂದ ಬಂದಿದ್ದ ಚೀಲ ಖಾಲಿ ಮಾಡುತ್ತಿದ್ದಳು. ತಳದಲ್ಲಿ ರಸೀದಿ ಸಿಕ್ಕಿತು. ಈ ಲೆಕ್ಕಾಚಾರದ ಮನುಷ್ಯ ಒಂದು ದಿನವೂ ರಸೀದಿ ಓದಿರಲಿಲ್ಲ. ಅವಳು ಗಟ್ಟಿಯಾಗಿ ಓದಿದಳು: "ವೆಸ್ಟಾ ಫುಟ್‌ಪಾತ್ ನಿರ್ಮಾಣಕ್ಕಾಗಿ ತಾತ್ಕಾಲಿಕ ತೆರಿಗೆ, ಡಾಲರಿಗೆ ಎರಡು ಸೆಂಟು. ಏಳನೇ ವರ್ಷ. ನಿಮ್ಮ ಸಹಕಾರಕ್ಕೆ ವಂದನೆ."

ಎಲ್ಡನ್ ರಸೀದಿ ಕಸಿದುಕೊಂಡು ಓದಿದ. ಕನ್ನಡಕ ಒರೆಸಿ ಮತ್ತೆ ಓದಿದ. ಊರಿಗೆ ಉಪಕಾರಿ, ಮನೆಗೆ ಮಾರಿ ಎನ್ನುತ್ತಾರೆ. ಈ ಪುಣ್ಯಾತ್ಮ ತನ್ನ ಊರಿಗೂ ಆಗಿಬರಲಿಲ್ಲ. ನಗಬಹುದಿತ್ತು, ವಾನೀಟಾಳ ಮುಖ ನೋಡದಿದ್ದರೆ.

ಅವಳು ಕೋಟು ತೊಟ್ಟು ವಾಕರ್ ಎಳೆದುಕೊಂಡಳು.

"ಗಾಡಿ ತೆಗಿ."

"ಈಗ ಎಲ್ಲಿಗೆ?"

"ವೆಸ್ಟಾಕ್ಕೆ. ನನ್ನ ಗಂಡ ಕಟ್ಟಿಸಿರೋ ಫುಟ್‌ಪಾತ್ ಮೇಲೆ ನಾನೂ ಒಂದ್ಸಲ ನಡೀಬೇಕು."