‘ಆಗಲಿ’ ಎನ್ನುತ್ತಿದ್ದ ಆವಲಪ್ಪ

ಮಹದೇವಪುರದ ಆವಲಪ್ಪನಿಗೆ ಫ್ಯಾಕ್ಟರಿಯಲ್ಲಿ ಲೇತ್ ಯಂತ್ರದ ಮುಂದೆ ನಿಂತಿದ್ದಾಗಲೇ ಲಕ್ವ ಹೊಡೆಯಿತು. ಅದು ಎಂಬತ್ತಮೂರನೆಯ ಇಸವಿ. ಬಲಗೈ, ಬಲಗಾಲು ಬಿದ್ದುಹೋದವು. ಊರ ಜಗಳವನ್ನೆಲ್ಲ ಬಿಡಿಸುತ್ತಿದ್ದ ಬಾಯಲ್ಲಿ ಉಳಿದದ್ದು ‘ಆಗಲಿ’ ಅನ್ನುವ ಒಂದೇ ಮಾತು. ನೀರು ಬೇಕಾದರೂ ಆಗಲಿ, ಬೇಡವಾದರೂ ಆಗಲಿ. ಪೆಟ್ಟು ಬಿದ್ದಿರುವುದು ಮಿದುಳಿಗೆ, ಆದರೆ ಬುದ್ಧಿ ನೆಟ್ಟಗಿದೆ, ಮನಸ್ಸಿನಲ್ಲಿರುವ ಮಾತು ನಾಲಗೆಗೆ ಬರುವುದಿಲ್ಲ ಅಷ್ಟೇ ಎಂದು ಡಾಕ್ಟರು ಹೆಂಡತಿ ಈಶ್ವರಮ್ಮನಿಗೆ ಬಿಡಿಸಿ ಹೇಳಿದ್ದರು. ಅವಳು ಗಂಡನ ಕಣ್ಣು ನೋಡಿ ಬೇಕು ಬೇಡ ತಿಳಿಯುತ್ತಿದ್ದಳು. ಮೈದುನ ನಂಜಪ್ಪನಿಗೆ ಅಷ್ಟು ತಾಳ್ಮೆಯಿರಲಿಲ್ಲ.

ಆವಲಪ್ಪನ ಮಗಳು ಸೀತಾಳಿಗೆ ನಂಜಪ್ಪ ತನ್ನ ಹೆಂಡತಿಯ ಅಣ್ಣನನ್ನೇ ಗೊತ್ತುಮಾಡಿದ. ಬೇಗೂರಿನ ಕಡೆ ಇಟ್ಟಿಗೆ ಗೂಡು ಇಟ್ಟುಕೊಂಡವನು. ಮೊದಲ ಹೆಂಡತಿಯನ್ನು ಹೊಡೆದು ತವರಿಗೆ ಅಟ್ಟಿದವನು. ಈಶ್ವರಮ್ಮ ಬೇಡವೆಂದರೆ, ಹೆಣ್ಣು ಕೊಡುವುದು ಬಿಡುವುದು ತನ್ನ ಅಣ್ಣನಿಗೆ ಸೇರಿದ್ದು ಎಂದು ನಂಜಪ್ಪ ಆವಲಪ್ಪನನ್ನೇ ಕೇಳಿದ. ಅವನು ‘ಆಗಲಿ’ ಎಂದ. ನಂಜಪ್ಪನಿಗೆ ಅಷ್ಟೇ ಸಾಕಾಯಿತು.

ಭಾನುವಾರ ಗಂಡಿನ ತಂದೆ ವೆಂಕಟರಮಣಪ್ಪ ನಾಲ್ಕು ಜನರೊಂದಿಗೆ ಬಂದರು. ತಾಂಬೂಲ ಬದಲಾಯಿಸಿದರೆ ಮುಗಿಯಿತು, ಮತ್ತೆ ಹಿಂದೆ ಸರಿಯುವಂತಿಲ್ಲ. ಸೀತಾ ಒಳಗೆ ಒಲೆಯ ಮುಂದೆ ಕಲ್ಲಿನಂತೆ ಕೂತಿದ್ದಳು. ನಂಜಪ್ಪ ಎಲ್ಲರೆದುರು ಅಣ್ಣನ ಕಿವಿಯ ಹತ್ತಿರ ಬಗ್ಗಿದ.

“ಅಣ್ಣಾ, ನಮ್ ಸೀತಾನ ಇವರ ಮನೆಗೆ ಕೊಡಾನಾ?”

“ಆಗಲಿ.”

ಮಲಗಿದ್ದ ಆವಲಪ್ಪನ ಎಡಗೈ ಮಂಚದ ಪಟ್ಟಿಯನ್ನು ಗುದ್ದುತ್ತಿತ್ತು. ಖುಷಿಗೆ ಹಾಗೆ ಗುದ್ದುತ್ತಾನೆ ಎಂದು ನಂಜಪ್ಪ ಸಮಜಾಯಿಷಿ ಹೇಳಿದ.

ಈಶ್ವರಮ್ಮ ಬಾಗಿಲ ಮರೆಯಿಂದ ಎದ್ದು ಬಂದು ಗಂಡನ ಪಕ್ಕ ಕೂತಳು.

“ಏನೂಂದ್ರೆ, ನಂಜಪ್ಪನ ಮೀಸೆ ಬೋಳಿಸ್ಬಿಡಾನಾ?”

“ಆಗಲಿ.”

ಯಾರೋ ಕಿಸಕ್ಕೆಂದರು.

“ಈ ಮನೇನ ಅವನಿಗೇ ಕೊಟ್ಟು ನಾವು ಬೀದಿಗೆ ಓಗಾನಾ?”

“ಆಗಲಿ.”

ಈಗ ಯಾರೂ ನಗಲಿಲ್ಲ. “ಅತ್ತಿಗೆ, ದೊಡ್ಡೋರ ಮುಂದೆ ಇದೇನು ಆಟ?” ಎಂದು ನಂಜಪ್ಪ ಗದರಿದ. ವೆಂಕಟರಮಣಪ್ಪ ಕೈಯೆತ್ತಿ ಅವನನ್ನು ಸುಮ್ಮನಾಗಿಸಿದರು.

ಈಶ್ವರಮ್ಮ ತಾಂಬೂಲದ ತಟ್ಟೆಯನ್ನು ಮಂಚದ ಮೇಲೆ ಗಂಡನ ಎಡಗೈ ಪಕ್ಕಕ್ಕಿಟ್ಟಳು. ಒಪ್ಪಿಗೆಯಿದ್ದರೆ ಹತ್ತಿರ ಎಳೆದುಕೊಳ್ಳಿ, ಇಲ್ಲದಿದ್ದರೆ ದೂಡಿಬಿಡಿ ಎಂದಳು. ಗುದ್ದಿ ಗುದ್ದಿ ಸೋತ ಕೈ ಸುಮ್ಮನೆ ಬಿದ್ದಿತ್ತು. ಅವನಿಗೆ ಕೇಳಿಸಿತೋ ಇಲ್ಲವೋ, ಅವಳಿಗೇ ತಿಳಿಯಲಿಲ್ಲ. ಇನ್ನೇನು ಎಂದು ನಂಜಪ್ಪ ತಟ್ಟೆ ಎತ್ತಿಕೊಳ್ಳಲು ಬಗ್ಗಿದ.

ಆಗ ಆವಲಪ್ಪನ ಎಡಗೈ ಬೀಸಿ ಬಂತು. ತಟ್ಟೆ ನೆಲಕ್ಕೆ ಬಿದ್ದು ಎಲೆ ಅಡಿಕೆಯೆಲ್ಲ ಚೆಲ್ಲಾಡಿತು. ಬಾಯಿಂದ ಮಾತ್ರ ಮತ್ತೆ ಅದೇ ‘ಆಗಲಿ’, ಕಣ್ಣಲ್ಲಿ ನೀರು.

ವೆಂಕಟರಮಣಪ್ಪ ಈಶ್ವರಮ್ಮನ ಕಡೆ ತಿರುಗಿದರು. “ನೀನೇ ಬಾಯ್ಬಿಟ್ಟು ಅಂದ್ಬಿಡಮ್ಮ.”

“ನಮ್ ಮಗೀನ ಕೊಡಾಕಿಲ್ಲ, ಯಜಮಾನ್ರೆ.”

ಅವರು ಚಪ್ಪಲಿ ಮೆಟ್ಟಿ ಹೊರಟರು. ಹಿಂದೆಯೇ ಹೋದ ನಂಜಪ್ಪ ಆ ವರ್ಷದ ದೀಪಾವಳಿಗೂ ಅಣ್ಣನ ಮನೆಗೆ ಬರಲಿಲ್ಲ.