ಶೆಟ್ಟರು ಕೇಳಿದ ನೆಗ್ಗಿಲು ಸಾರ

ಸ್ನೇಹಿತರೇ, ಇವತ್ತು ಬೆಳಿಗ್ಗೆ ಈ ಕೊಲ್ಲಿ ನಾಡಿನ ಕರಾಮದ ಹೋಟೆಲಿನಲ್ಲಿ ಅಲ್ ಕೂಜ್ ಗ್ಯಾರೇಜಿನ ನಮ್ಮ ಶೆಟ್ಟರು ಸಿಲ್ವಿಯಾ ಮೇಡಂ ಎದುರು ಖಾಲಿ ಬಾಟಲಿ ಇಟ್ಟು, "ಇದರಲ್ಲಿ ಸ್ವಲ್ಪ ತುಂಬಿಸಿ ಕೊಡಿ" ಎಂದರು.

ಮೇಡಂ ಉಡುಪಿ ಕಡೆಯವರು. ಇಲ್ಲಿನ ಪ್ರಯೋಗಾಲಯವೊಂದರಲ್ಲಿ ಕಿಡ್ನಿ ಕೆಟ್ಟ ಇಲಿಗಳಿಗೆ ನೆಗ್ಗಿಲು ಗಿಡದ ಸಾರ ಕುಡಿಸಿ ಪರೀಕ್ಷಿಸುತ್ತಾರೆ. ಶೆಟ್ಟರಿಗೂ ಕಿಡ್ನಿ ತೊಂದರೆ. ಇಲಿಗಳು ಚೇತರಿಸಿಕೊಂಡವು ಎಂದು ಕೇಳಿದ್ದೇ ತಡ, ಡಾಕ್ಟರ ಮಾತ್ರೆಗೆ ಖಲಾಸ್ ಹೇಳಿ ನಾಲ್ಕು ದಿನವಾಯಿತಂತೆ.

"ನಿಮ್ಮ ಮದ್ದು ಕೆಲಸ ಮಾಡಿದೆ ಅಲ್ವಾ ಮೇಡಂ? ಮತ್ತೆಂತ?"

"ಇಲಿಗೆ ಮಾಡಿದೆ ಶೆಟ್ರೇ. ಅದೂ ನಾವೇ ಕೆಡಿಸಿದ ಕಿಡ್ನಿ. ನಿಮ್ಮದು ಯಾಕೆ ಕೆಟ್ಟದ್ದು, ಎಷ್ಟು ಕೆಟ್ಟದ್ದು, ನನಗೆಂತ ಗೊತ್ತು?"

"ಮನುಷ್ಯ ಇಲಿಗಿಂತ ಗಟ್ಟಿ ಮಾರಾಯ್ರೆ! ಆ ಇಲಿಗಳೆಲ್ಲ ಈಗ ಆರಾಮಲ್ವಾ?"

"ಒಂದೂ ಉಳಿದಿಲ್ಲ. ಗುಣ ಆಗಿದೆಯಾ ಅಂತ ನೋಡ್ಲಿಕ್ಕೆ ಕಿಡ್ನಿ ಹೊರಗೆ ತೆಗೀಬೇಕಲ್ಲ."

ಶೆಟ್ಟರ ಕೈ ತಂತಾನೇ ಸೊಂಟಕ್ಕೆ ಹೋಯಿತು.

ಆ ಸಾರ ಮೇಡಂ ಅವರ ಆರು ವರ್ಷದ ದುಡಿಮೆ. "ನನ್ನ ಮದ್ದು" ಎಂದು ಹೆಮ್ಮೆಯಿಂದ ಬಾಟಲಿ ತುಂಬಿಸಬಹುದಿತ್ತು, ಶೆಟ್ಟರು ಊರಿಡೀ ಹೊಗಳುತ್ತಿದ್ದರು. ಅವರೋ, ಶೆಟ್ಟರಿಂದಲೇ ಡಾಕ್ಟರಿಗೆ ಫೋನ್ ಮಾಡಿಸಿ, ಸಂಜೆ ಐದಕ್ಕೆ ಬರುತ್ತೇನೆಂದು ಹೇಳಿಸಿದ ಮೇಲೆಯೇ ತಮ್ಮ ಆರಿದ ಚಹಾ ಮುಟ್ಟಿದರು.

"ಡಾಕ್ಟ್ರು ನೋಡ್ಲಿಕ್ಕೆ ಎಂತ ತೆಗೀತಾರೆ ಮೇಡಂ?" ಶೆಟ್ಟರ ದನಿ ಸಣ್ಣಗಾಗಿತ್ತು.

"ಸ್ವಲ್ಪ ರಕ್ತ, ಅಷ್ಟೇ. ಯಲ್ಲಾ, ಬೇಗ ಬೇಗ, ಮೊದಲು ತಿಂಡಿ ತಿನ್ನಿ."

ಮದ್ದು ಹೇಳುವವರು ಮನೆಗೊಬ್ಬರು. ತಾವೇ ಮದ್ದು ಮಾಡಿಯೂ ಕೊಡದವರು ನಾನು ಕಂಡಂತೆ ಮೇಡಂ ಒಬ್ಬರೇ.